ಗಿರಣಿ ಕಾಕುವಿನ ತಲೆಯ ಫೋಟೋ

ನನ್ನ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಒಬ್ಬ ಹೆಂಗಸಿನ ಮೆದುಳಿದೆ. ಹೆದರಬೇಡಿ, ಮೆದುಳಿನ ಫೋಟೋ ಅದು. ಸ್ಕ್ಯಾನಿಂಗ್ ಸೆಂಟರಿನವರು ಕೊಡುತ್ತಾರಲ್ಲ, ಆ ಕಪ್ಪು ಫಿಲ್ಮಿನ ಒಂದು ತುಂಡು, ಅರ್ಧ ಚಂದ್ರನ ಆಕಾರಕ್ಕೆ ಕತ್ತರಿಸಿದ್ದು. ಡಬ್ಬಿಯ ತಳದ ಹಿಟ್ಟು ಬಳಿಯಲು ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಪ್ಲಾಸ್ಟಿಕ್ ಚಮಚ ಮುರಿಯುತ್ತದೆ, ಸ್ಟೀಲಿನದು ಡಬ್ಬಿಯನ್ನು ಕೆರೆಯುತ್ತದೆ. ಇದು ಬಾಗುತ್ತದೆ, ಮೂಲೆ ಮೂಲೆಗೆ ಹೋಗುತ್ತದೆ. ಬೆಳಕಿಗೆ ಹಿಡಿದರೆ ಅಡ್ಡ ಕೊಯ್ದ ಹೂಕೋಸಿನಂಥ ದುಂಡನೆಯ ಚಿತ್ರಗಳು ಅದರಲ್ಲಿ ಇನ್ನೂ ಕಾಣುತ್ತವೆ.

ದಿನಾ ಕೈಯಲ್ಲಿ ಹಿಡಿಯುವ ವಸ್ತು ಯಾವ ನೆನಪನ್ನೂ ತರುವುದಿಲ್ಲ. ಹಿಟ್ಟು ಬಳಿದೆವು, ಡಬ್ಬಿ ಮುಚ್ಚಿದೆವು, ಮುಗಿಯಿತು. ಆದರೆ ಮೊನ್ನೆ ರವಿವಾರ ನನ್ನ ತಮ್ಮ ಬಂದ. ನಾನು ಆಗಷ್ಟೇ ಬೀಸಿಕೊಂಡು ಬಂದ ಹಿಟ್ಟನ್ನು ಡಬ್ಬಿಗೆ ಸುರುವುತ್ತಿದ್ದೆ. ಅವನು ಅಡಿಗೆಮನೆಯ ಕಟ್ಟೆಯ ಮೇಲೆ ಒಂದು ಪೇಡಾ ಡಬ್ಬಿ ಇಟ್ಟ, ಅದರ ಬಾಜೂಕ್ಕೆ ದೊಡ್ಡದೊಂದು ಲಕೋಟೆ ಇಟ್ಟ. ಲಕೋಟೆಯಿಂದ ಹೊಸ ಫಿಲ್ಮು ಹೊರಗೆ ಬಂದದ್ದೇ ತಡ, ಅದರ ಘಾಟು ವಾಸನೆ ಬಿಸಿ ಹಿಟ್ಟಿನ ವಾಸನೆಯ ಜೊತೆ ಕೂಡಿತು. ಈ ಎರಡು ವಾಸನೆಗಳನ್ನು ಒಟ್ಟಿಗೆ ನಾನು ಹಿಂದೆ ಒಂದೇ ಒಂದು ಕಡೆ ಮೂಸಿದ್ದೆ...

"ಅಕ್ಕಾ, ನಾರ್ಮಲ್ ಬಂತು!" ಅಂದ ತಮ್ಮ. ಕಣ್ಣಲ್ಲಿ ನೀರಿತ್ತು ಅವನಿಗೆ. ಅವನ ಹಿಂದೆ ಬಾಗಿಲಿಗೆ ಆತು ಅವನ ಮಗಳು ನಿಂತಿದ್ದಳು. ಕಾಲೇಜು ಬಿಟ್ಟು, ಊಟ ಬಿಟ್ಟು, ತಿಂಗಳುಗಟ್ಟಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ ಹುಡುಗಿ ಅದು. ಅಪ್ಪನ ಖುಷಿ ನೋಡಿ ಅವಳ ಮುಖ ಇನ್ನಷ್ಟು ಸಣ್ಣದಾಗಿತ್ತು. ಆ ಮುಖವನ್ನೂ ನಾನು ಹಿಂದೆ ಕಂಡಿದ್ದೆ. ತಮ್ಮನಿಗೆ ನಾನು ಏನು ಹೇಳಿದೆ ಎಂಬುದು ಆಮೇಲಾಗಲಿ. ಮೊದಲು ಗಿರಣಿ ಕಾಕುವಿನ ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ತಿಳಿಯುವುದಿಲ್ಲ.

ಅಣ್ಣಿಗೇರಿಯ ಕಡೆಯ ಒಂದು ಹಳ್ಳಿಗೆ ನನ್ನನ್ನು ಕೊಟ್ಟಿದ್ದರು. ನಮ್ಮ ಮನೆಗೂ ಹಿಟ್ಟಿನ ಗಿರಣಿಗೂ ನಡುವೆ ಒಂದೇ ಗೋಡೆ. ಗಿರಣಿ ಶುರುವಾದರೆ ನಮ್ಮ ಅಡಿಗೆಮನೆಯ ಗೋಡೆಯ ಹಲಗೆಯ ಮೇಲಿದ್ದ ತಾಟು ಗಂಗಾಳಗಳೆಲ್ಲ ಗದಗದ ನಡುಗುತ್ತಿದ್ದವು. ಗಿರಣಿ ನಡೆಸುತ್ತಿದ್ದವರು ಗಂಡ ಹೆಂಡತಿ. ಊರಿಗೆಲ್ಲ ಅವರು ಗಿರಣಿ ಕಾಕಾ, ಗಿರಣಿ ಕಾಕು. ಕಾಳು ಸುರುವುವುದು, ಹಿಟ್ಟಿನ ನುಣುಪು ನೋಡುವುದು, ಪಾಳಿ ಮುರಿದವರನ್ನು ಬೈಯುವುದು ಎಲ್ಲ ಕಾಕುವಿನ ಕೆಲಸ. ಆ ಸದ್ದಿನಲ್ಲಿ ಕೂಗಿ ಕೂಗಿ ಆಕೆಯ ದನಿ ಎಷ್ಟು ದೊಡ್ಡದಾಗಿತ್ತೆಂದರೆ, ಗಿರಣಿ ನಿಂತಾಗಲೂ ಓಣಿಯ ಆ ತುದಿಗೆ ಕೇಳುತ್ತಿತ್ತು. ಹೊಸ ಸೊಸೆಯಾಗಿ ಮೊದಲ ಸಲ ಡಬ್ಬಿ ಹೊತ್ತು ಹೋದಾಗ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿ, "ಜ್ವಾಳ ಹಸನ ಮಾಡೀಯೋ ಇಲ್ಲೋ? ನನ್ನ ಕಲ್ಲಿಗೆ ಕಲ್ಲ ತಿನ್ನಸಬ್ಯಾಡವಾ ಮತ್ತ!" ಅಂದಿದ್ದಳು. ಹುಬ್ಬು, ರೆಪ್ಪೆ, ಮೂಗಿನ ತುದಿ ಎಲ್ಲ ಹಿಟ್ಟು ಹತ್ತಿ ಬೆಳ್ಳಗಾಗಿದ್ದವು. ನನಗೆ ನಗು ಬಂದಿತ್ತು. "ನಗ್ತಾಳಿಕಿ, ಛಲೋ ಆತು" ಎಂದು ಆಕೆಯೂ ನಕ್ಕಿದ್ದಳು.

ಕಾಕಾ ಆಕೆಗೆ ತದ್ವಿರುದ್ಧ. ಮೆತ್ತಗಿನ ಮನುಷ್ಯ. ನಾನು ಆ ಊರಿಗೆ ಬರುವ ಮೊದಲೇ ಮೋಟಾರಿನ ಪಟ್ಟಾ ಅವರ ಬಲಗೈಯ ಎರಡು ಬೆರಳುಗಳನ್ನು ತೆಗೆದುಕೊಂಡಿತ್ತು. ಥಂಡಿ ದಿನ ಬಂದರೆ ಅವರಿಗೆ ಆ ಬೆರಳುಗಳು ನೋಯುತ್ತಿದ್ದವು. ಹೌದು, ಇಲ್ಲದ ಬೆರಳುಗಳೇ. "ಹೆಬ್ಬೆಟ್ಟಿನ ಬಾಜೂದ್ದು ಭಾಳ ಸೆಳಿಯಾಕತ್ತೈತಿ" ಎಂದು ಕೈ ಝಾಡಿಸುತ್ತ ಕೂತುಬಿಡುತ್ತಿದ್ದರು. ಕಾಕು ಎಣ್ಣೆ ಕಾಸಿಕೊಂಡು ಬಂದು ತಿಕ್ಕುತ್ತಿದ್ದಳು, ಮೊಂಡಾದ ಜಾಗಕ್ಕೂ, ಅದರ ಮುಂದೆ ಬೆರಳು ಇರಬೇಕಾದ ಖಾಲಿ ಜಾಗಕ್ಕೂ. ಯಾರೂ ನಗುತ್ತಿರಲಿಲ್ಲ. ಹೋಗುವವರು ಬರುವವರು "ಕಾಕಾ, ಬೆರಳ ಹ್ಯಾಂಗದಾವ?" ಎಂದು ಕೇಳುತ್ತಿದ್ದರು. ಒಬ್ಬರು ನೀಲಗಿರಿ ಎಣ್ಣೆ ತಂದುಕೊಟ್ಟಿದ್ದರು, ಇನ್ನೊಬ್ಬರು ಉಣ್ಣೆಯ ಕೈಗವಸು ತಂದಿದ್ದರು. ಈ ಮಾತು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ಕಾಕಾನ ಕೈ ಹೀಗಾಗಿದ್ದರಿಂದ ಕಲ್ಲು ಕುಟ್ಟುವ ಕೆಲಸವೂ ಕಾಕುವಿನ ಪಾಲಿಗೆ ಬಂದಿತ್ತು. ಗಿರಣಿಯ ಕಲ್ಲು ತಿರುಗಿ ತಿರುಗಿ ನುಣ್ಣಗಾಗುತ್ತದೆ. ಆಗ ಮೇಲಿನ ಕಲ್ಲನ್ನು ಸರಪಳಿ ಹಾಕಿ ಎತ್ತಿ, ಮಗುಚಿ, ಉಳಿ ಸುತ್ತಿಗೆಯಿಂದ ಅದರ ಮೈಯನ್ನು ಮತ್ತೆ ತರಿತರಿ ಮಾಡಬೇಕು. ಅಮಾವಾಸ್ಯೆಗೆ ಗಿರಣಿ ಬಂದ್. ಅವತ್ತು ಬೆಳಗಿನಿಂದ ನಮ್ಮ ಗೋಡೆಯ ಆಚೆ ಟಿಕ್ ಟಿಕ್ ಸದ್ದು. ಆಕೆಯ ತವರಿನಲ್ಲಿ ಅಪ್ಪ ಊರೂರು ತಿರುಗಿ ಬೀಸುವ ಕಲ್ಲು ಕುಟ್ಟುತ್ತಿದ್ದನಂತೆ, ಅವನಿಂದ ಕಲಿತದ್ದು. ಕಲ್ಲು ಕುಟ್ಟದೆ ಬಿಟ್ಟರೆ ಹಿಟ್ಟು ಬೀಸುವಾಗಲೇ ಕಾದುಬಿಡುತ್ತದೆ. ಕಾದ ಜೋಳದ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಬಡಿಯುವಾಗಲೇ ಹರಿಯುತ್ತದೆ. ನಮ್ಮ ಕಡೆ ರೊಟ್ಟಿ ಹರಿದರೆ ಮೊದಲು ಬೈಸಿಕೊಳ್ಳುವವಳು ಸೊಸೆ. ಕಾಕು ಕಲ್ಲು ಕುಟ್ಟುತ್ತಿರುವ ತನಕ ನಮ್ಮೂರ ಸೊಸೆಯರಿಗೆ ಆ ಬೈಗುಳ ಇರಲಿಲ್ಲ.

ಆಕೆಗೆ ಜಡ್ಡು ಬಂದದ್ದು ಯಾವ ಕಾರಣಕ್ಕೂ ಅಲ್ಲ. ಜನ ಕಾರಣ ಹುಡುಕಿದರು. ಯಾರೋ ಕಣ್ಣು ಹಾಕಿದರು ಅಂದರು, ತವರಿನ ಚಿಂತೆ ಅಂದರು. ಎಂಥದೂ ಇರಲಿಲ್ಲ. ಮೊದಲು ದನಿ ಹೋಯಿತು. ಪಾಳಿ ಮುರಿದರೂ ಬೈಯಲಿಲ್ಲ ಆಕೆ, ಆಗಲೇ ನಾವು ಹೆದರಬೇಕಿತ್ತು. ಆಮೇಲೆ ಕಾಳು ಮುಗಿದರೂ ಗಿರಣಿಯನ್ನು ಖಾಲಿ ತಿರುಗಲು ಬಿಟ್ಟು ನೋಡುತ್ತ ಕೂರತೊಡಗಿದಳು. ಆಮೇಲೆ ಏಳುವುದನ್ನೇ ಬಿಟ್ಟಳು. ನಾನು ಹೋಗಿ ಬಾಜೂಕ್ಕೆ ಕೂತು ಏನಾಗ್ತದೆ ಎಂದು ಕೇಳಿದೆ. ಆಕೆ ಅಂದಳು, "ಒಳಗ ಕಲ್ಲ ತಿರಗಾಕತ್ತೈತೆವಾ. ಕಾಳ ಇಲ್ಲ, ಬರೇ ಕಲ್ಲ. ಬಂದ್ ಮಾಡೂ ಬಟನ್ ಸಿಗವಲ್ದು."

ಧಾರವಾಡದಲ್ಲಿ ಮನಸ್ಸಿನ ಜಡ್ಡಿಗೆ ನೋಡುವ ಹೆಣ್ಣು ಡಾಕ್ಟರು ಒಬ್ಬರಿದ್ದರು, ಎಲ್ಲರೂ ಡಾಕ್ಟರ್ ಬಾಯಿ ಅನ್ನುತ್ತಿದ್ದರು. ಸುಗ್ಗಿಯ ದಿನ, ಗಿರಣಿ ಬಿಟ್ಟು ಕಾಕಾ ಬರುವ ಹಾಗಿರಲಿಲ್ಲ. ನಾನು ಪಿಯುಸಿ ಓದಿದವಳು, ನಾಲ್ಕು ಮಾತು ಆಡಬಲ್ಲೆ ಎಂದು ನನ್ನನ್ನೇ ಜೋಡಿ ಮಾಡಿ ಕಳಿಸಿದರು. ಡಾಕ್ಟರ್ ಬಾಯಿ ಅವಸರ ಮಾಡಲಿಲ್ಲ. ಕಾಕುವಿನ ಬಾಯಿಂದಲೇ ಎಲ್ಲ ಕೇಳಿ ತಿಳಿದುಕೊಂಡರು, ಅಳುವಾಗ ಅಳಲು ಬಿಟ್ಟರು, ಗುಳಿಗೆ ಬರೆದುಕೊಟ್ಟರು. ಕೂಡಲೇ ಗುಣವಾಗುವುದಿಲ್ಲ, ಬಿಡದೆ ತೆಗೆದುಕೊಳ್ಳಬೇಕು ಎಂದರು. ಅವರು ಹೇಳಿದ ಹಾಗೇ ಆಯಿತು. ತಿಂಗಳಾಗುವ ಹೊತ್ತಿಗೆ ಒಂದು ದಿನ ಕಾಕು ತಾನೇ ತಲೆ ಬಾಚಿಕೊಂಡು ಗಿರಣಿಯ ಬಾಗಿಲಲ್ಲಿ ಕೂತಿದ್ದಳು. ಇನ್ನೊಂದು ದಿನ ನನಗೆ "ಸೆರಗ ನೆಟ್ಟಗ ಹೊತಗೋ" ಎಂದು ಬೈದಳು. ನನಗೆ ಹಬ್ಬವಾದಷ್ಟು ಖುಷಿಯಾಗಿತ್ತು.

ಇತ್ತ ಕಾಕಾನ ತಾಯಿಗೆ ಸಮಾಧಾನವಿರಲಿಲ್ಲ. "ತಲ್ಯಾಗ ಏನೈತಿ ಅಂತ ನೋಡದನ ಗುಳಗಿ ಹ್ಯಾಂಗ ಕೊಡ್ತಾರ? ಎಲ್ಲಾರೂ ಸ್ಕ್ಯಾನಿಂಗ್ ಮಾಡಸ್ತಾರ, ನಾವೇನ ಗತಿ ಇಲ್ಲದವರೇನ?" ಅದು ಮುದುಕಿಯ ದಿನದ ಪಾಠ. ಎರಡನೇ ಸಲ ಧಾರವಾಡಕ್ಕೆ ಹೋದಾಗ ನಾನೇ ಕೇಳಿದೆ. ಡಾಕ್ಟರ್ ಬಾಯಿ, "ಈ ಜಡ್ಡ ಸ್ಕ್ಯಾನಿಂಗ್‌ದಾಗ ಕಾಣೂದಿಲ್ರಿ" ಅಂದರು. ಆದರೆ ಕಾಕು, ತಾನು ಆರಾಮಿಲ್ಲದಾಗ ಬಚ್ಚಲಲ್ಲಿ ಬಿದ್ದು ತಲೆ ಕಲ್ಲಿಗೆ ಬಡಿದಿತ್ತೆಂದೂ ಆಗಾಗ ತಲೆ ಸಿಡಿಯುತ್ತದೆಂದೂ ಹೇಳಿದಳು. ಅದನ್ನು ಕೇಳಿ ಅವರು ಹುಬ್ಬಳ್ಳಿಗೆ ಚೀಟಿ ಬರೆದರು. "ಬಿದ್ದಾರ ಅಂದಮ್ಯಾಲೆ ತಗಸೂಣು. ಒಳಗ ರಕ್ತ ಹೆಪ್ಪುಗಟ್ಟಿಲ್ಲ, ಗಡ್ಡಿ ಇಲ್ಲ ಅಂತ ಖಾತ್ರಿ ಆಗ್ಲಿ. ಫೋಟೋ ತಗೊಂಡ್ ನನ್ನ ಕಡೆ ಬರ್ರಿ. ಗುಳಗಿ ಮಾತ್ರ ನಿಲ್ಲಸಬ್ಯಾಡ್ರಿ." ಇಷ್ಟು ಸ್ಪಷ್ಟ. ನನ್ನ ಕಿವಿಯಾರೆ ಕೇಳಿದ ಮಾತು ಇದು.

ಕಾಕುವಿನ ಸ್ಕ್ಯಾನಿಂಗ್ ಆದ ಮರುದಿನ ಫೋಟೋ ತರಲು ಹುಬ್ಬಳ್ಳಿಗೆ ಹೋದವರು ಕಾಕಾ. ಅಲ್ಲಿ ಕೌಂಟರಿನ ಹುಡುಗಿಗೆ "ಏನ್ ಬಂದೈತ್ರಿ?" ಎಂದು ಕೇಳಿದರಂತೆ. ಆಕೆ ಕಾಗದ ನೋಡಿ "ನಾರ್ಮಲ್ ಐತ್ರಿ" ಅಂದಳಂತೆ. ಅಷ್ಟೇ. ಮನುಷ್ಯ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತರಂತೆ. ಅವರು ಹೆಂಡತಿಯ ತಲೆಯೊಳಗೆ ಏನೇನು ಇದೆಯೋ ಎಂದು ಹೆದರಿ ಸತ್ತುಹೋಗಿದ್ದರು. ಊರಿಗೆ ಬರುವಾಗ ಪೇಡಾ ತಂದರು. ಮಗ ಪಾಸಾದರೆ ಹಂಚುತ್ತಾರಲ್ಲ ಹಾಗೆ, ಓಣಿಯ ಮನೆ ಮನೆಗೆ ಹೋಗಿ ಹಂಚಿದರು. ಗಿರಣಿಯ ಬಾಗಿಲಲ್ಲಿ ನಿಂತು ಫಿಲ್ಮನ್ನು ಬಿಸಿಲಿಗೆ ಹಿಡಿದು ಎಲ್ಲರಿಗೂ ತೋರಿಸಿದರು. "ನೋಡ್ರಿ, ನಮ್ಮ ಮನ್ಯಾಕಿ ತಲಿ ಅಗದಿ ಕ್ಲೀನ್ ಐತಿ!" ಜನ ಬಗ್ಗಿ ಬಗ್ಗಿ ನೋಡಿದರು. ಏನು ತಿಳಿಯಿತೋ ಅವರಿಗೆ, ತಲೆ ಮಾತ್ರ ಆಡಿಸಿದರು.

ನಾನು ಹೋಗಿ ಅಂದೆ, "ಕಾಕಾ, ಡಾಕ್ಟರ್ ಬಾಯಾರು ಹೇಳ್ಯಾರ, ಈ ಜಡ್ಡ ಅದರಾಗ ಕಾಣೂದಿಲ್ಲಂತ. ಗುಳಗಿ ನಿಲ್ಲಸಬ್ಯಾಡ್ರಿ ಅಂದಾರ." ನಮ್ಮ ಅತ್ತೆ ನನ್ನ ಸೆರಗು ಹಿಡಿದು ಜಗ್ಗಿದರು. ನಾನು ಮತ್ತೆ ಅಂದೆ, ಇನ್ನೂ ಜೋರಾಗಿ ಅಂದೆ. ಕಾಕಾ ನಕ್ಕು, "ನಾರ್ಮಲ್ ಇದ್ದಾಕಿಗೆ ಗುಳಗಿ ಯಾಕವಾ ಹುಚ್ಚಿ?" ಎಂದು ನನ್ನ ಬಾಯಿಗೇ ಒಂದು ಪೇಡಾ ತುರುಕಿದರು. ಎಲ್ಲರೂ ನಕ್ಕರು. ಆ ಪೇಡಾದ ಸಿಹಿ ನನಗೆ ಇವತ್ತಿಗೂ ವಾಕರಿಕೆ ತರಿಸುತ್ತದೆ. ಅವತ್ತು ಸಂಜೆ ಮುದುಕಿ ಗುಳಿಗೆಗಳನ್ನು ತಿಪ್ಪೆಗೆ ಎಸೆದಳು. ಫಿಲ್ಮನ್ನು ಗಿರಣಿಯ ಕಿಟಕಿಗೆ, ದೇವರ ಫೋಟೋದ ಕೆಳಗೆ, ಮೊಳೆ ಹೊಡೆದು ತೂಗುಹಾಕಿದರು. ಅಮಾವಾಸ್ಯೆಗೆ ಕಲ್ಲಿಗೆ ಹಚ್ಚುವ ಕುಂಕುಮವನ್ನು ಅದಕ್ಕೂ ಹಚ್ಚಿದರು.

ಧಾರವಾಡಕ್ಕೆ ಯಾರೂ ಹೋಗಲಿಲ್ಲ. ನಾರ್ಮಲ್ ಬಂದಮೇಲೆ ಡಾಕ್ಟರ ಬಳಿ ಹೋಗಿ ಮಾಡುವುದಾದರೂ ಏನು?

ಕಾಕು ಮತ್ತೆ ಕೆಳಗಿಳಿದಳು. ಈ ಸಲ ಮೊದಲಿಗಿಂತ ಕೆಟ್ಟದಾಗಿತ್ತು. ಮೊದಲು ಜನರಿಗೆ ಮರುಕವಾದರೂ ಇತ್ತು, ಈಗ ಅದೂ ಹೋಗಿತ್ತು. ಫೋಟೋ ತೂಗುತ್ತಿದೆಯಲ್ಲ, ಕಣ್ಣೆದುರಿಗೇ! "ಸೋಗು" ಅಂದಳು ಮುದುಕಿ. "ಎರಡ ಬಿಗದ್ರ ಎದ್ದ ಕುಂದರತಾಳ." ಡಬ್ಬಿ ಹೊತ್ತು ಬಂದ ಹೆಂಗಸರು ಆಕೆಗೆ ಕೇಳುವ ಹಾಗೇ ಮಾತಾಡಿಕೊಂಡರು, "ನಮಗೂ ಬ್ಯಾಸರಕಿ ಬರತಾವ, ನಾವೇನ ಹಿಂಗ ಮಲಗೇವೇನ?" ಕಾಕಾ ಬೈಯಲಿಲ್ಲ, ಬೇಡಿಕೊಂಡರು. "ಏನೂ ಇಲ್ಲಲ್ಲೇ ನಿನಗ, ಫೋಟೋದಾಗ ಏನೂ ಇಲ್ಲ, ಏಳ" ಅನ್ನುತ್ತಿದ್ದರು. ಬೈದಿದ್ದರೇ ಆಕೆಗೆ ಹಗುರಾಗುತ್ತಿತ್ತೇನೋ.

ಒಂದು ಮಧ್ಯಾಹ್ನ ನಾನು ಮಜ್ಜಿಗೆ ಒಯ್ದಿದ್ದೆ. ಆಕೆ ನನ್ನ ಕೈ ಹಿಡಿದು, "ನನಗ ನಾನ ಸುಳ್ಳ ಅನಸಾಕತ್ತೈತಿ. ಆ ಫೋಟೋ ಖರೇ ಅಂದ್ರ ನಾ ಏನು?" ಅಂದಳು. ಮಜ್ಜಿಗೆ ಬದಿಗೆ ಸರಿಸಿ, "ಅದರಾಗ ಏನರ ಒಂದ ಕರಿ ಚುಕ್ಕಿ ಬಂದಿದ್ರ ಛಲೋ ಇತ್ತು" ಅಂದಳು. ಯೋಚಿಸಿ ನೋಡಿ. ತಲೆಯಲ್ಲಿ ಗಡ್ಡೆಯಾದರೂ ಇರಲಿ, ಜನ ನಂಬಲಿ ಎಂದು ಒಬ್ಬ ಹೆಂಗಸು ಹರಕೆ ಹೊರುವಂತೆ ಕೇಳುತ್ತಿದ್ದಳು. ಅವತ್ತೇ ಆಕೆ ಮೊದಲ ಸಲ ಸಾಯುವ ಮಾತು ಆಡಿದ್ದು. ನಾನು ನೆಟ್ಟಗೆ ಕಾಕಾನ ಬಳಿ ಹೋಗಿ ಹೇಳಿದೆ, "ಕಾಕು ಸಾಯೂ ಮಾತ ಆಡಾಕತ್ತಾಳ, ಧಾರವಾಡಕ್ಕ ಕರಕೊಂಡ ನಡೀರಿ." ಅವರ ಮುಖ ಬಿಳುಚಿಕೊಂಡಿತು. ಮುದುಕಿ ಒಳಗಿನಿಂದ, "ಹೆದರಸಾಕತ್ತಾಳ ನಿನ್ನ" ಅಂದಳು. ಕಾಕಾ ನನ್ನನ್ನು ನೋಡಿದರು, ಫಿಲ್ಮನ್ನು ನೋಡಿದರು. ಫಿಲ್ಮನ್ನೇ ನಂಬಿದರು.

ಏನೂ ಇಲ್ಲದವಳು ಮಲಗುವುದೇಕೆ ಎಂದು ಆಕೆಯನ್ನು ಎಬ್ಬಿಸಿ ಗಿರಣಿಗೆ ಕೂರಿಸಿದರು. ಆಕೆ ಕೂತಳು. ಕಾಳು ಸುರುವಿದಳು, ಡಬ್ಬಿ ತುಂಬಿದಳು, ಮಾತಿಲ್ಲ. ಅಮಾವಾಸ್ಯೆ ಬಂತು. ಉಳಿ ಎತ್ತಲು ಆಕೆಯ ಕೈಗೆ ಬಲವಿರಲಿಲ್ಲ. ಕಲ್ಲು ಕುಟ್ಟುವ ಬೇರೆಯವರು ಊರಲ್ಲಿ ಇರಲಿಲ್ಲ. ಮುಂದಿನ ಅಮಾವಾಸ್ಯೆಯೂ ಹಾಗೇ ಹೋಯಿತು. ಕಲ್ಲು ನುಣ್ಣಗಾಯಿತು. ಊರ ತುಂಬ ರೊಟ್ಟಿ ಹರಿಯತೊಡಗಿದವು. ನಮ್ಮ ಮನೆಯಲ್ಲೂ ಹರಿದವು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಲು ಎತ್ತಿದರೆ ಅರ್ಧ ಕೈಯಲ್ಲಿ, ಅರ್ಧ ಹಿಟ್ಟು ನಾದುವ ಕೊಣಮಿಗೆಯಲ್ಲಿ.

ಕೊನೆಗೆ ಒಂದು ದಿನ ಮುಂಜಾನೆ ಹೆಂಗಸರೆಲ್ಲ ಸೇರಿ ಜಗಳಕ್ಕೇ ಬಂದರು. ಮುಂದೆ ಮೇಲಿನ ಓಣಿಯ ದೊಡ್ಡವ್ವ, ಹಿಟ್ಟಿನ ಡಬ್ಬಿ ಸೊಂಟದ ಮೇಲೆ. "ಏನವಾ, ಗಿರಣಿ ಕೆಟ್ಟೈತೇನ ನಿಂದು? ಒಂದ ರೊಟ್ಟಿ ನೆಟ್ಟಗ ಬರವಲ್ದು!"

ಕಾಕು ಆಕೆಯನ್ನು ನೋಡಿದಳು. ಎದ್ದಳು. ಗೂಟಕ್ಕೆ ತೂಗಿದ್ದ ಕಾಕಾನ ಅಂಗಿಯ ಜೇಬಿನಿಂದ ಮೊಬೈಲು ತೆಗೆದಳು. ಫೋಟೋ ತೆಗೆಯುವುದನ್ನು ಒಂದು ಕಾಲದಲ್ಲಿ ನಾನೇ ಆಕೆಗೆ ಕಲಿಸಿದ್ದೆ. ನಡೆಯುತ್ತಿದ್ದ ಗಿರಣಿಯ ಎದುರು ನಿಂತು ಒಂದು ಫೋಟೋ ಹೊಡೆದು, ಮೊಬೈಲನ್ನು ದೊಡ್ಡವ್ವನ ಮೂಗಿನ ಮುಂದೆ ಹಿಡಿದಳು.

"ತಗೋರಿ. ಗಿರಣಿ ಫೋಟೋ. ಎಲ್ಲಿ ಕೆಟ್ಟೈತಿ ತೋರಸ್ರಿ."

"ಅಯ್ಯ, ಫೋಟೋದಾಗ ಏನ ಕಾಣತೈತಿ? ಹಿಟ್ಟಿನ್ಯಾಗ ಕೈ ಇಟ್ಟ ನೋಡ, ಸುಡತೈತಿ!"

"ಫೋಟೋದಾಗ ಏನೂ ಇಲ್ಲ ಹೌದಲ್ಲೋ? ಅಂದಮ್ಯಾಲೆ ಗಿರಣಿ ನಾರ್ಮಲ್." ಹಳೆಯ ದನಿ ಅದು, ಓಣಿಯ ಆ ತುದಿಗೆ ಕೇಳುವ ದನಿ. "ನಿಮ್ಮ ರೊಟ್ಟಿ ಸೋಗ ಮಾಡಾಕತ್ತಾವ. ಎರಡ ಬಿಗೀರಿ, ನೆಟ್ಟಗಾಗತಾವ!"

ಯಾರೋ ಕಿಸಕ್ಕನೆ ನಕ್ಕು, ಬಾಯಿ ಮುಚ್ಚಿಕೊಂಡರು. ದೊಡ್ಡವ್ವ ಡಬ್ಬಿ ಕೆಳಗಿಟ್ಟಳು. ಕಾಕಾ ಗಾಬರಿಯಾಗಿ ಮೋಟಾರು ಬಂದ್ ಮಾಡಿ ಓಡಿ ಬಂದರು. "ಏನ ಹುಚ್ಚುಚ್ಚರ ಮಾತಾಡ್ತಿ? ಕಲ್ಲಿನ ಮಾತ ಬ್ಯಾರೆ, ತಲಿ ಮಾತ ಬ್ಯಾರೆ. ಅದು ಅಷ್ಟ ದೊಡ್ಡ ಮಷೀನ್ದಾಗ ತಗದ ಫೋಟೋ ಐತಿ."

ಕಾಕು ಅವರ ಬಲಗೈ ಹಿಡಿದು, ಎಲ್ಲರಿಗೂ ಕಾಣುವ ಹಾಗೆ ಎತ್ತಿದಳು. "ಈ ಎರಡ ಬೆರಳ ಎಲ್ಲದಾವ್ರಿ?"

"ಇಲ್ಲ" ಅಂದರು ಕಾಕಾ.

"ಇಲ್ಲದ ಬೆರಳ ಸೆಳೀತಾವ ಅಂತ ಥಂಡಿ ಬಂದಾಗೊಮ್ಮೆ ಎಣ್ಣಿ ಕಾಸಿ ತಿಕ್ಕೇನಿ. ಫೋಟೋ ತಗಸ್ಕೊಂಡ ಬರ್ರಿ, ಆಮ್ಯಾಲೆ ತಿಕ್ಕತೇನಿ ಅಂತ ಒಂದ ದಿನ ಅಂದೇನೇನ್ರಿ? ಇಲ್ಲದ ಬೆರಳ ನೋಯ್ತಾವ ಅಂದ್ರ ಊರಿಗೆ ಊರ ನಂಬತೈತಿ. ಇದ್ದ ತಲಿ ನೋಯ್ತೈತಿ ಅಂದ್ರ ಸೋಗ ಅಂತೈತಿ. ಫೋಟೋದಾಗ ಏನರ ಬಂದಿದ್ರ ಹುಚ್ಚಿ ಅಂತಿದ್ರಿ, ಬರಲಿಲ್ಲ, ನಾಟಕದಾಕಿ ಅಂದ್ರಿ. ನಾ ಎಲ್ಲಿ ಹೋಗ್ಲಿ?"

ಗಿರಣಿ ನಿಂತ ಮೇಲೆ ಕಿವಿಯಲ್ಲಿ ಒಂದು ಗುಂಯ್ ಎನ್ನುವ ಸದ್ದು ಉಳಿಯುತ್ತದೆ, ಅದೊಂದೇ ಇತ್ತು ಆಗ. ಕಾಕಾ ತಮ್ಮ ಕೈಯನ್ನೇ ನೋಡುತ್ತ ನಿಂತಿದ್ದರು. ಕಾಕು ಕಿಟಕಿಗೆ ಹೋಗಿ ಫಿಲ್ಮನ್ನು ಮೊಳೆಯಿಂದ ಕಿತ್ತಳು, ಚೀಲದ ದಾರ ಕತ್ತರಿಸುವ ಕತ್ತರಿ ತಗೊಂಡಳು. "ಅಯ್ಯಯ್ಯ, ಅದಕ್ಕ ಕುಂಕುಮ ಹಚ್ಚೇವಿ!" ಎಂದು ಮುದುಕಿ ಕಿರುಚಿದಳು. ಕಾಕು ಕರಕರ ಕತ್ತರಿಸಿದಳು. ಒಂದು ತುಂಡಿನಿಂದ ಗಿರಣಿಯ ಪೆಟ್ಟಿಗೆಯಲ್ಲಿದ್ದ ಬಿಸಿ ಹಿಟ್ಟನ್ನೆಲ್ಲ ಬಳಿದು ದೊಡ್ಡವ್ವನ ಡಬ್ಬಿಗೆ ಹಾಕಿದಳು. "ನೋಡ್ರಿ, ಈಗರ ಒಂದ ಕೆಲಸಕ್ಕ ಬಂತು" ಅಂದಳು. "ನಾಳೆ ಮುಂಜಾನೆ ಬಸ್ಸಿಗೆ ನಾ ಧಾರವಾಡಕ್ಕ ಹೊಂಟೇನಿ. ಬರಾವ್ರ ಬರ್ರಿ. ಇಲ್ಲಂದ್ರ ನಾ ಒಬ್ಬಾಕಿನ ಹೋಗಾಕಿ."

ಅಷ್ಟು ಹೇಳಿ ಅಲ್ಲೇ ಹಿಟ್ಟಿನ ನೆಲದ ಮೇಲೆ ಕುಸಿದು ಕೂತಳು. ಆ ಬಲ ಎಲ್ಲಿಂದ ಬಂದಿತ್ತೋ, ಎಲ್ಲಿ ಹೋಯಿತೋ... ಎಬ್ಬಿಸಲು ನಾನು ಒಂದು ರಟ್ಟೆ ಹಿಡಿದೆ. ಇನ್ನೊಂದು ರಟ್ಟೆ ಹಿಡಿದವಳು ದೊಡ್ಡವ್ವ.

ಮರುದಿನ ಬಸ್ಸಿನಲ್ಲಿ ಕಾಕಾನೂ ಇದ್ದರು, ಗಿರಣಿಗೆ ಕೀಲಿ ಹಾಕಿ ಬಂದಿದ್ದರು. ಫಿಲ್ಮಿನ ತುಂಡುಗಳನ್ನೆಲ್ಲ ಕೈಚೀಲದಲ್ಲಿ ತುಂಬಿಕೊಂಡಿದ್ದರು ಪಾಪ. ಡಾಕ್ಟರ್ ಬಾಯಿಯ ಮೇಜಿನ ಮೇಲೆ ಅವನ್ನು ಮಕ್ಕಳ ಆಟದ ಹಾಗೆ ಒಂದಕ್ಕೊಂದು ಜೋಡಿಸಿಟ್ಟು, "ಇದು ಸುಳ್ಳ ಹೇಳೈತೇನ್ರಿ?" ಎಂದು ಕೇಳಿದರು. ಡಾಕ್ಟರ್ ಬಾಯಿಗೆ ನಗಬೇಕೋ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಮೊದಲು ಸಿಟ್ಟೇ ಮಾಡಿದರು, ಗುಳಿಗೆ ನಿಲ್ಲಿಸಿದ್ದಕ್ಕೆ. ಆಮೇಲೆ ಹೇಳಿದರು, "ಫೋಟೋ ಸುಳ್ಳ ಹೇಳಿಲ್ರಿ. ಒಳಗ ರಕ್ತ ಐತೇನ, ಗಡ್ಡಿ ಐತೇನ ಅಂತ ನಾವು ಕೇಳಿದ್ವಿ, ಇಲ್ಲಂತ ಹೇಳೈತಿ. ಅದೂ ಛಲೋ ಸುದ್ದಿನ. ಆದ್ರ ಈ ಜಡ್ಡ ಐತೇನ ಅಂತ ಅದನ್ನ ಕೇಳಾಕ ಬರಂಗಿಲ್ಲ. ಅದನ್ನ ಇವರನ್ನ ಕೇಳ್ಬೇಕು." ಕಾಕಾ ಹೆಂಡತಿಯ ಕಡೆ ತಿರುಗಿದರು. ಅಷ್ಟು ದಿನಗಳಲ್ಲಿ ಮೊದಲ ಸಲ ಕೇಳಿದರು, "ಭಾಳ ಬ್ಯಾನಿ ಆಗತೈತೇನ?" ಕಾಕು ಹೌದೆಂದು ತಲೆಯಾಡಿಸಿದಳು.

ಆಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ನಾನು ಸುಳ್ಳುಗಾರ್ತಿ. ನಿಧಾನಕ್ಕೆ ಚೇತರಿಸಿಕೊಂಡಳು, ನಡುನಡುವೆ ಬಿದ್ದಳು, ಮತ್ತೆ ಎದ್ದಳು. ಒಮ್ಮೊಮ್ಮೆ ಅಮಾವಾಸ್ಯೆಗೆ ಕಲ್ಲು ಕುಟ್ಟಲಾಗುತ್ತಿರಲಿಲ್ಲ. ಆಗ ಕಾಕಾ ಬಾಗಿಲ ಮೇಲೆ ಸುಣ್ಣದಲ್ಲಿ "ಕಲ್ಲು ಕುಟ್ಟಿಲ್ಲ, ಹಿಟ್ಟು ಬಿಸಿ" ಎಂದು ಬರೆಯುತ್ತಿದ್ದರು. ಜನ ಗೊಣಗುತ್ತ ಅಣ್ಣಿಗೇರಿಗೆ ಹೋಗಿ ಬೀಸಿಕೊಂಡು ಬರುತ್ತಿದ್ದರು, ಸೋಗು ಎಂದು ಮಾತ್ರ ಅನ್ನುತ್ತಿರಲಿಲ್ಲ. ಕಾಕು ಗುಳಿಗೆಯನ್ನು ಒಳಗೆ ಹೋಗಿ ನುಂಗಲಿಲ್ಲ. ಪಾಳಿಯಲ್ಲಿ ಹೆಂಗಸರು ಕೂತಿರುವಾಗ ಎಲ್ಲರೆದುರು ತಂಬಿಗೆ ಎತ್ತಿ, "ನೋಡ್ಕೋರಿ, ನುಂಗಿದೆ" ಎಂದು ಬಾಯಿ ತೆರೆದು ತೋರಿಸಿ ನುಂಗುತ್ತಿದ್ದಳು. ಆಮೇಲಾಮೇಲೆ ಒಬ್ಬಿಬ್ಬರು ಹೆಂಗಸರು ಪಾಳಿ ಮುಗಿದ ಮೇಲೂ ಉಳಿದು ಆಕೆಯ ಕಿವಿಯಲ್ಲಿ ಏನೋ ಹೇಳತೊಡಗಿದರು. ಅವರನ್ನು ಆಕೆ ಧಾರವಾಡದ ಬಸ್ಸು ಹತ್ತಿಸಿದ್ದು ನನಗೆ ಗೊತ್ತು.

ಡಾಕ್ಟರ್ ಬಾಯಿಗೆ ತೋರಿಸಿ ತಂದ ತುಂಡುಗಳನ್ನು ಕಾಕು ಒಂದೊಂದು ಮನೆಗೆ ಒಂದೊಂದು ಕೊಟ್ಟಳು. ಎಲ್ಲಕ್ಕಿಂತ ದೊಡ್ಡದನ್ನು ನನಗೆ ಕೊಟ್ಟು, "ನನ್ನ ತಲಿ ತಿಂದಾಕಿ ನೀನ, ನೀನ ಇಟಗೋ" ಅಂದಳು.

ಆಕೆ ಹೋಗಿ ಈಗ ಎರಡನೇ ವರ್ಷ. ಎದೆನೋವು ಬಂತು, ಆಸ್ಪತ್ರೆ ಮುಟ್ಟುವ ಮೊದಲೇ ಮುಗಿಯಿತು. ಹೆಣದ ಮುಂದೆಯೇ ಯಾರೋ ಅಂದರು, ಗುಳಿಗೆ ತಿಂದು ತಿಂದು ಹಿಂಗಾತು ಅಂತ. ನಾನು ಅಳುವುದನ್ನು ಬಿಟ್ಟು ಎದ್ದು ನಿಂತು ಬೈದೆ. ಆ ಗುಳಿಗೆ ಇದ್ದದ್ದಕ್ಕೆ ಇಷ್ಟು ವರ್ಷ ನಿಮ್ಮ ರೊಟ್ಟಿ ನೆಟ್ಟಗೆ ಬಂದಾವ, ಬಾಯಿ ಮುಚ್ಚಿಕೊಂಡು ಹೂ ಹಾಕ್ರಿ ಅಂದೆ. ಮಣ್ಣಿನ ಹೊತ್ತಿನಲ್ಲಿ ಹಾಗೆ ಬೈಯಬಾರದಂತೆ. ಬೈದೆ. ಇನ್ನೊಮ್ಮೆ ಅಂದರೆ ಇನ್ನೊಮ್ಮೆ ಬೈಯುತ್ತೇನೆ. ಕಾಕಾ ಈಗ ಕಲ್ಲಿನ ಗಿರಣಿ ತೆಗೆದು ಕಬ್ಬಿಣದ ಹೊಸ ಮಷೀನು ಹಾಕಿದ್ದಾರೆ, ಅದಕ್ಕೆ ಕುಟ್ಟುವುದು ಬೇಡ. ಹಿಟ್ಟು ಯಾವಾಗಲೂ ಬಿಸಿಯೇ. ಥಂಡಿಯ ದಿನಗಳಲ್ಲಿ ಅವರು ಬಾಗಿಲಲ್ಲಿ ಕೂತು ಎಡಗೈಯಿಂದ ಬಲಗೈ ತಿಕ್ಕಿಕೊಳ್ಳುತ್ತಿರುತ್ತಾರೆ...

ಹೀಗಿರುವಾಗ ನನ್ನ ತಮ್ಮ ಪೇಡಾ ಹಿಡಿದುಕೊಂಡು ನನ್ನ ಅಡಿಗೆಮನೆಗೆ ಬಂದ.

"ಅಕ್ಕಾ, ಇನ್ನ ಗುಳಗಿ ಬ್ಯಾಡ ಅಂತ ಹೇಳಿಬಿಟ್ಟೇನಿ" ಅಂದ, ಪೇಡಾ ಡಬ್ಬಿ ಬಿಚ್ಚುತ್ತ. "ಡಾಕ್ಟರ್ ಕಡೆನೂ ಹೋಗೂದ ಬ್ಯಾಡ. ಬಾಯಿ ತಗೀ."

ನಾನು ಬಾಯಿ ತೆರೆಯಲಿಲ್ಲ. ಹಿಟ್ಟಿನ ಡಬ್ಬಿಯಿಂದ ಆ ತುಂಡು ತೆಗೆದು, ಸೆರಗಿನಿಂದ ಒರೆಸಿ, ಅವನ ಹೊಸ ಫಿಲ್ಮಿನ ಬಾಜೂಕ್ಕೆ ಇಟ್ಟೆ.

"ಏನಿದು?"

"ಒಬ್ಬಾಕಿ ತಲಿ. ಇದೂ ನಾರ್ಮಲ್ ಇತ್ತು. ಇದಕ್ಕೂ ಪೇಡಾ ಹಂಚಿದ್ರು." ಆಮೇಲೆ ನಿಮಗೆ ಹೇಳಿದ್ದನ್ನೆಲ್ಲ ಅವನಿಗೂ ಹೇಳಿದೆ, ಇದಕ್ಕಿಂತ ಕೆಟ್ಟ ಭಾಷೆಯಲ್ಲಿ. "ಲೇ ತಮ್ಮಾ, ಗಡ್ಡಿ ಇಲ್ಲ ಅಂತ ಖುಷಿ ಪಡು. ಪೇಡಾನೂ ತಿನ್ನು, ಬ್ಯಾಡ ಅನ್ನೂದಿಲ್ಲ. ಆದ್ರ ನಿನ್ನ ಮಗಳಿಗೆ ಏನಾಗೈತಿ ಅಂತ ಈ ಕರಿ ಕಾಗದಕ್ಕ ಕೇಳಬ್ಯಾಡ. ಅಕಿ ಅಲ್ಲೇ ನಿಂತಾಳ. ಅಕಿನ್ನ ಕೇಳು."

ಅವನು ತಿರುಗಿ ನೋಡಿದ. ಹುಡುಗಿಯೇ ಒಳಗೆ ಬಂದಳು. ಕಾಕುವಿನ ತುಂಡನ್ನು ಕೈಗೆತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು, ತಿರುಗಿಸಿ ತಿರುಗಿಸಿ ನೋಡಿದಳು. ಅಂಚಿಗೆ ಹತ್ತಿದ ಹಿಟ್ಟು ಅವಳ ಬೆರಳಿಗೆ ಹತ್ತಿತು.

"ಅತ್ತಿ, ಈಕಿ ಈಗ ಇದ್ದಾಳೇನ?"

"ಇಲ್ಲವಾ. ಎದಿನೋವು ಬಂದು ತೀರಿಕೊಂಡ್ಲು. ಅಲ್ಲೀತನಾ ಜಡ್ಡಿನ ಸಂಗಾಟ ಬಡದಾಡಿ ಬದುಕಿದ್ಲು. ಊರಿಗೆಲ್ಲ ಹಿಟ್ಟ ಬೀಸಿ ಕೊಟ್ಲು."

ಹುಡುಗಿ ತುಂಡನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟಳು. ಕಾಕು ಇರಬೇಕಿತ್ತು ಆಗ. ಇದ್ದಿದ್ದರೆ ಇವಳನ್ನು ಬಾಜೂಕ್ಕೆ ಕೂರಿಸಿಕೊಂಡು, ತಂಬಿಗೆ ಎತ್ತಿ, ಜೊತೆಗೇ ನುಂಗೋಣ ಬಾ ಅನ್ನುತ್ತಿದ್ದಳು. ನನಗೆ ಆ ದೊಡ್ಡ ದನಿ ಇಲ್ಲ. ಡಬ್ಬಿಯಲ್ಲಿ ಆಕೆಯ ಒಂದು ತುಂಡು ಇದೆ, ಅಷ್ಟೇ ಉಳಿದದ್ದು. ಕಣ್ಣು ತುಂಬಿ ಬಂದವು, ಹಿಟ್ಟಿನ ಕೈಯಲ್ಲೇ ಒರೆಸಿಕೊಂಡೆ.

ಹುಡುಗಿ ಪೇಡಾ ಡಬ್ಬಿಯ ಬಾಜೂಕ್ಕಿದ್ದ ತನ್ನ ಫಿಲ್ಮನ್ನು ಎಳೆದುಕೊಂಡಳು. ಅಗಲವಾಗಿ ಬಿಡಿಸಿ ಕಟ್ಟೆಯ ಮೇಲೆ ಹಾಸಿದಳು.

"ಅತ್ತಿ," ಅಂದಳು, "ಕತ್ರಿ ಎಲ್ಲೈತಿ?"

ತಮ್ಮ ಗಾಬರಿಯಾಗಿ ಎದ್ದ. ನಾನು ಅವನನ್ನು ಕೂರಿಸಿದೆ. "ಮೊದಲ ಡಾಕ್ಟರಿಗೆ ತೋರಿಸ್ಕೊಂಡ ಬರೂಣವಾ, ನಾನೂ ಬರ್ತೇನಿ" ಅಂದೆ. "ಬಂದಮ್ಯಾಲೆ ನೀನ ಕತ್ತರಸು. ನಿಮ್ಮವ್ವನ ಡಬ್ಬಿಗೂ ಒಂದ ಬೇಕು."